ಹಿಂಡಬೇಕಾದ್ದು ದಡದ ಮೇಲೆ

ಚಾಮರಾಜನಗರ ಕಡೆಯ ಓದುಗರೊಬ್ಬರು ತಾಯಿಯ ಅಸ್ಥಿ ಬಿಡಲು ತಿರುಮಕೂಡಲು ನರಸೀಪುರದ ತ್ರಿವೇಣಿ ಸಂಗಮಕ್ಕೆ ಹೋಗಿದ್ದರು. ಕರ್ಮ ಮುಗಿದ ಮೇಲೆ ತಾಯಿಯ ಸೀರೆಯನ್ನೂ ತಾವು ಉಟ್ಟಿದ್ದ ಒದ್ದೆ ಪಂಚೆಯನ್ನೂ ಹೊಳೆಗೆ ಬಿಟ್ಟರಂತೆ. ಮೆಟ್ಟಿಲ ಮೇಲಿದ್ದ ಹುಡುಗನೊಬ್ಬ ಎರಡನ್ನೂ ಎಳೆದು ತಂದು ಇವರ ಕೈಗೇ ಕೊಟ್ಟನಂತೆ. "ಹಿರಿಯರು ಮಾಡಿಕೊಂಡು ಬಂದ ಶಾಸ್ತ್ರಕ್ಕಿಂತ ಈಗಿನವರ ಪರಿಸರ ದೊಡ್ಡದಾಯಿತೇ?" ಎಂದು ಕೇಳಿದ್ದಾರೆ.

ಮಾನ್ಯರೇ, ದುಃಖದಲ್ಲಿರುವವರ ಕೈಗೆ ಒದ್ದೆ ಬಟ್ಟೆ ತುರುಕುವ ಮೊದಲು ಆ ಹುಡುಗ ಎರಡು ಮೆಲುಮಾತು ಆಡಬಹುದಿತ್ತು. ಅಷ್ಟು ಮಟ್ಟಿಗೆ ನಿಮ್ಮ ನೋವು ನ್ಯಾಯವಾದದ್ದೇ. ಆದರೆ ನೀವು ಶಾಸ್ತ್ರದ ಹೆಸರೆತ್ತಿದ್ದರಿಂದ ಶಾಸ್ತ್ರದ ಮಾತನ್ನೇ ಆಡೋಣ. ಆ ಹುಡುಗ ಮಾಡಿದ್ದು ಶಾಸ್ತ್ರ, ನೀವು ಮಾಡಿದ್ದು ರೂಢಿ.

ತೀರ್ಥಸ್ನಾನಕ್ಕೆ ಒಂದು ಕ್ರಮವಿದೆ. ಮೈಕೊಳೆ ತೊಳೆಯುವ ಸ್ನಾನವೇ ಬೇರೆ. ಅದನ್ನು ಮನೆಯಲ್ಲೋ, ನೀರು ಮೊಗೆದುಕೊಂಡು ದಡದಿಂದಾಚೆಯೋ ಮುಗಿಸಿರಬೇಕು. ಆಮೇಲೆ ಹೊಳೆಗಿಳಿದು ಸಂಕಲ್ಪ, ಹರಿವಿಗೆ ಮುಖಮಾಡಿ ಮೂರು ಮುಳುಗು. ನಿಂತ ನೀರಾದರೆ ಸೂರ್ಯನಿಗೆ ಮುಖ. ಬಳಿಕ ತರ್ಪಣ: ದೇವತೆಗಳಿಗೆ ಬೆರಳ ತುದಿಯಿಂದ ಒಂದೊಂದು ಬೊಗಸೆ, ಋಷಿಗಳಿಗೆ ಕಿರುಬೆರಳ ಬುಡದಿಂದ ಎರಡೆರಡು, ಪಿತೃಗಳಿಗೆ ಹೆಬ್ಬೆರಳು ತೋರುಬೆರಳ ನಡುವಿನಿಂದ ಎಳ್ಳುನೀರು ಮೂರು ಮೂರು. ಇಷ್ಟನ್ನು ಬಹಳ ಮಂದಿ ಬಲ್ಲರು. ಮರೆತಿರುವುದು ಇದರ ಮುಂದಿನದು, ವಸ್ತ್ರನಿಷ್ಪೀಡನ. ಮಿಂದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಜನಿವಾರ ಇದ್ದವರು ಅದನ್ನು ಬಲ ಹೆಗಲಿಗೆ ಹಾಕಿ ಅಪಸವ್ಯ ಮಾಡಿಕೊಂಡು, ನೀರಿನಲ್ಲಲ್ಲ, ದಡದ ನೆಲದ ಮೇಲೆ ಹಿಂಡಬೇಕು. ನಮ್ಮ ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಸತ್ತವರಿಗೆ, ಯಾರೂ ಎಳ್ಳುನೀರು ಬಿಡದವರಿಗೆ, ಈ ಬಟ್ಟೆ ಹಿಂಡಿದ ನೀರು ಸೇರಲಿ ಎನ್ನುವುದೇ ಅದರ ಮಂತ್ರ. ತರ್ಪಣಕ್ಕೆ ಮುಂಚೆ ಹಿಂಡಿದರೆ ಪಿತೃಗಳು ನಿರಾಶರಾಗಿ ಹೊರಟುಹೋಗುತ್ತಾರೆ ಎನ್ನುವಷ್ಟು ಕಟ್ಟುನಿಟ್ಟು.

ಈಗ ನೀವೇ ಯೋಚಿಸಿ. ಪಂಚೆಯನ್ನು ಹೊಳೆಗೆ ಎಸೆದು ಬಂದವರು ಆ ದಿಕ್ಕಿಲ್ಲದ ಜೀವಗಳಿಗೆ ಏನನ್ನು ಹಿಂಡಿಕೊಟ್ಟಂತಾಯಿತು? ಬೊಗಸೆ ನೀರಿಗೂ ಗತಿಯಿಲ್ಲದ ಅತ್ತೆಯರನ್ನು, ಎಳೆಯದರಲ್ಲೇ ಹೋದ ಚಿಕ್ಕಪ್ಪಂದಿರನ್ನು ನೆನೆಯಲೆಂದೇ ಇಟ್ಟ ಈ ಒಂದು ಗಳಿಗೆಯಷ್ಟು ಮನಮುಟ್ಟುವುದು ಇಡೀ ವಿಧಿಯಲ್ಲಿ ಇನ್ನೊಂದಿಲ್ಲ. ಅದನ್ನೇ ನಾವು ಕೈಬಿಟ್ಟಿದ್ದೇವೆ. ಗಂಗೆಯಲ್ಲಿ ಮಾಡಬಾರದವೆಂದು ಶಾಸ್ತ್ರ ಹೇಳುವ ಪಟ್ಟಿಯಲ್ಲಿ ನಿರ್ಮಾಲ್ಯ ಹಾಕುವುದು, ಮೈ ಉಜ್ಜಿ ಕೊಳೆ ತೆಗೆಯುವುದು, ಬಟ್ಟೆ ಬಿಡುವುದು ಮೂರೂ ಇವೆ. 'ವಸ್ತ್ರತ್ಯಾಗ' ಎಂದು ಹೆಸರು ಹಿಡಿದೇ ಹೇಳಿದೆ. ಅದಕ್ಕೂ ಹಳೆಯದಾದ, ವೇದದ ಭಾಗವೇ ಆದ ತೈತ್ತಿರೀಯ ಆರಣ್ಯಕ ನೀರಿನಲ್ಲಿ ಮಲಮೂತ್ರ ಮಾಡಬೇಡ, ಉಗುಳಬೇಡ ಎನ್ನುತ್ತದೆ. ಇವೆಲ್ಲ ಪರಿಸರವಾದಿಗಳು ಬರೆದದ್ದಲ್ಲ.

ಕಾವೇರಿ, ಕಪಿಲೆ (ಕಬಿನಿ), ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಕೂಡುವ ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆಯಿಂದಲೇ ಕಪಿಲೆಯ ದಡದ ಸ್ವಾಮಿ ಗುಂಜಾ ನರಸಿಂಹನಾದ. ಗುಂಜಾ ಎಂದರೆ ಗುಲಗಂಜಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ಗ್ರಾಮಿನ ಸುಮಾರು ಎಂಟನೆಯ ಒಂದು ಪಾಲು. ಅಷ್ಟು ನವಿರಾದ ಹೆಚ್ಚುಗಾರಿಕೆ! ಕೂಡಲಿನ ಅಗಸ್ತ್ಯೇಶ್ವರನದು ಇನ್ನೊಂದು ಕಥೆ. ಕಾಶಿಯಿಂದ ಲಿಂಗ ತರಲು ಹೋದ ಆಂಜನೇಯ ಬರುವುದು ತಡವಾಗಿ, ಮುಹೂರ್ತ ಮೀರೀತೆಂದು ಅಗಸ್ತ್ಯರು ಮರಳಿನಲ್ಲೇ ಲಿಂಗ ಮಾಡಿದರು. ಅಲ್ಲಿ ದೇವರ ಮೈಯೇ ಹೊಳೆಯ ಮರಳು. ಆ ಮರಳಿಗೆ ಕಾಲಿಟ್ಟರೆ ಈಗ ನೈಲಾನ್ ತೊಡರುತ್ತದೆ.

ಐದೂವರೆ ಮೀಟರ್ ಪಾಲಿಯೆಸ್ಟರ್ ಸೀರೆ ನೀರಿಗೆ ಬಿದ್ದರೆ ಏನಾಗುತ್ತದೆ ನೋಡಿ. ನೀವು ಅಂದುಕೊಂಡಂತೆ ತೇಲಿ ಸಮುದ್ರ ಸೇರುವುದಿಲ್ಲ. ನೆನೆದು ಅರ್ಧಕ್ಕಿಳಿದು, ಸೆರಗು ಯಾವುದೋ ಮೆಟ್ಟಿಲ ಸಂದಿಗೋ ಬೇರಿಗೋ ಸಿಕ್ಕಿಕೊಳ್ಳುತ್ತದೆ. ಮಡಿಕೆಗಳಲ್ಲಿ ಹೂಳು ತುಂಬಿ ಭಾರವಾಗಿ ತಳ ಹಿಡಿಯುತ್ತದೆ. ಅದರ ಮೇಲೆ ಇನ್ನೊಂದು ಪಂಚೆ, ಮತ್ತೊಂದು ಲಂಗ. ಪಾಚಿ ಕಟ್ಟಿದ ಆ ಗಂಟಿಗೆ ಮುಳುಗು ಹಾಕುವವರ ಕಾಲು ಸಿಕ್ಕಿದರೆ ಈಜು ಬಲ್ಲವರೂ ಕಂಗೆಡುತ್ತಾರೆ. ಹತ್ತಿಯಾದರೆ ಕೊಳೆತಾದರೂ ಹೋದೀತು. ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಸವೆದು ಎಳೆಎಳೆಯಾಗಿ ಮೀನಿನ ಹೊಟ್ಟೆ ಸೇರುತ್ತದೆ.

"ಅಜ್ಜನ ಕಾಲದಿಂದಲೂ ಇದೆ" ಎಂದಿದ್ದೀರಿ. ಅಜ್ಜನ ಕಾಲದ ಬಟ್ಟೆ ಹತ್ತಿಯದು, ಬರುತ್ತಿದ್ದ ಜನ ಕಡಿಮೆ, ಹೊಳೆಯೂ ಬೇರೆ. ಕಾವೇರಿಗೆ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ಕಪಿಲೆಗೆ 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿಯಿತು. ಬೇಸಿಗೆಯಲ್ಲಿ ಸಂಗಮಕ್ಕೆ ಬರುವ ನೀರು ಮೇಲೆ ಬಿಟ್ಟಷ್ಟೇ. ಕೊಚ್ಚಿಕೊಂಡು ಹೋಗುವ ಶಕ್ತಿ ಇಲ್ಲದ ಹೊಳೆಗೆ ನಾವು ಹೊರೆ ಹೊರಿಸುತ್ತಲೇ ಇದ್ದೇವೆ.

ನಿಮ್ಮೊಬ್ಬರನ್ನೇ ದೂರುವುದು ನ್ಯಾಯವಲ್ಲ. ಹತ್ತು ನಿಮಿಷದಲ್ಲಿ ಕರ್ಮ ಮುಗಿಸುವ ಪುರೋಹಿತರು "ಬಟ್ಟೆ ಬಿಟ್ಟುಬಿಡಿ, ದೋಷ ಹೋಗುತ್ತದೆ" ಎನ್ನುತ್ತಾರೆ. ನಿಷ್ಪೀಡನದ ಮಂತ್ರ ಹೇಳಿಸಲು ಅರೆನಿಮಿಷ ಸಾಕು, ಹೇಳಿಸುವುದಿಲ್ಲ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಇದೆ. ಮೇಳದ ದಿನ ವೇದಿಕೆ, ದೀಪ, ಆರತಿ ಎಲ್ಲವೂ ಸರಿ. ಉಳಿದ ದಿನಗಳಲ್ಲಿ ನಮ್ಮ ಯಾವ ನದಿತೀರಕ್ಕಾದರೂ ಹೋಗಿ, ಹೆಂಗಸರು ಮರ್ಯಾದೆಯಿಂದ ಸೀರೆ ಬದಲಾಯಿಸಲು ಬಾಗಿಲಿರುವ ನಾಲ್ಕು ಕೋಣೆ, ಬಟ್ಟೆ ಹಿಂಡಲು ಒಂದು ಕಲ್ಲು, ಹರವಲು ಒಂದು ಹಗ್ಗ ಹುಡುಕಿ ನೋಡಿ. ಬಸ್ಸಿಗೆ ಹೊತ್ತಾಯಿತು, ಒದ್ದೆ ಸೀರೆ ಹೊರುವುದು ಹೇಗೆ ಎಂಬ ಚಿಂತೆಗೇ ಎಷ್ಟೋ ಜನ ಬಿಟ್ಟು ಹೋಗುತ್ತಾರೆ. ಆಮೇಲೆ ಅದಕ್ಕೆ ಶಾಸ್ತ್ರದ ಹೆಸರು ಬರುತ್ತದೆ. ತೀರ್ಥಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ತಡೆಯಲು 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯದೇ. ಆದರೆ ಒಂದು ರೂಪಾಯಿಯ ಶಾಂಪೂ ಪೊಟ್ಟಣ ಜೇಬಿನಲ್ಲೂ ಬರುತ್ತದೆ. ತೀರ್ಥವೆಂದರೆ ಬಚ್ಚಲಲ್ಲ ಎಂದು ಮನೆಯ ಹಿರಿಯರು ಮಕ್ಕಳಿಗೆ ಹೇಳದೆ ಅದು ನಿಲ್ಲುವುದಿಲ್ಲ.

ತಾಯಿಯ ಸೀರೆ ಇನ್ನೂ ಮನೆಯಲ್ಲೇ ಇದೆ, ಏನು ಮಾಡಲೂ ತೋಚುತ್ತಿಲ್ಲ ಎಂದು ಬರೆದಿದ್ದೀರಿ. ಒಗೆದು ಒಣಗಿಸಿ, ಉಡುವ ಅಗತ್ಯವಿರುವವರಿಗೆ ಕೊಡಿ. ವಸ್ತ್ರದಾನವೂ ನಿಮ್ಮ ಶಾಸ್ತ್ರದಲ್ಲೇ ಇದೆ. ವರ್ಷಾಬ್ದಿಕಕ್ಕೆ ಮತ್ತೆ ಸಂಗಮಕ್ಕೆ ಹೋಗುವಾಗ ಹತ್ತಿಯ ಪಂಚೆ ಉಟ್ಟುಕೊಳ್ಳಿ. ಅಸ್ಥಿಯ ಮಡಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದಂತೆ ಈ ಸಲ ಪ್ಲಾಸ್ಟಿಕ್ ಬೇಡ. ಎಳ್ಳು, ಅಕ್ಕಿಹಿಟ್ಟನ್ನು ಕಾಗದದ ಪೊಟ್ಟಣದಲ್ಲಿ ಒಯ್ಯಿರಿ. ಒಂದು ಚೊಂಬು, ಒದ್ದೆ ಬಟ್ಟೆಗೊಂದು ಚೀಲ ಜೊತೆಗಿರಲಿ. ತರ್ಪಣ ಮುಗಿದ ಮೇಲೆ ಮೇಲಿನ ಮೆಟ್ಟಿಲು ದಾಟಿ ಮಣ್ಣಿನ ಮೇಲೆ ನಿಂತು ಹಿಂಡಿ. ಪುರೋಹಿತರು ಅವಸರ ಮಾಡಿದರೆ "ನಿಷ್ಪೀಡನ ಆಗಲಿ" ಎಂದು ನೀವೇ ಕೇಳಿ.