ದೊಡ್ಡ ಬಂಡವಾಳಕ್ಕೆ ಸಣ್ಣ ಖರೀದಿ ಏಕೆ ಸಾಲದು?

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ನಮ್ಮ ಬೆಳಗಾವಿ ಕಚೇರಿಗೆ ಬರೆದ ಪತ್ರದಲ್ಲಿ, “ನಮ್ಮ ಪೇಟೆಯಲ್ಲಿ ದುಡ್ಡಿದ್ದವರು ಹತ್ತು ಕಡೆ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಕಂಪನಿ ಒಂದು ದೊಡ್ಡ ಕಂಪನಿಯ ಖರೀದಿಗಾಗಿ ವರ್ಷಗಟ್ಟಲೆ ಕಾಯುವುದೇಕೆ? ಇದು ಬರೀ ಪ್ರತಿಷ್ಠೆಯೇ?” ಎಂದು ಕೇಳಿದ್ದಾರೆ.

ಮಾನ್ಯರೇ, ಪ್ರತಿಷ್ಠೆಗಿಂತ ಮೊದಲು ಲೆಕ್ಕವನ್ನು ನೋಡೋಣ. 1972ರಲ್ಲಿ ಬರ್ಕ್‌ಶೈರ್ ಬಳಗವು 2.5 ಕೋಟಿ ಡಾಲರಿಗೆ ಸೀಸ್ ಎಂಬ ಮಿಠಾಯಿ ಕಂಪನಿಯನ್ನು ಕೊಂಡಿತು. 2007ರ ಹೊತ್ತಿಗೆ ಅದು ತೆರಿಗೆಗೆ ಮುನ್ನ ಒಟ್ಟು 135 ಕೋಟಿ ಡಾಲರ್ ಗಳಿಸಿಕೊಟ್ಟಿತ್ತು. ಆ ಅವಧಿಯಲ್ಲಿ ಅದರ ಬೆಳವಣಿಗೆಗೆ ಬೇಕಾದದ್ದು ಕೇವಲ 3.2 ಕೋಟಿ. ವ್ಯಾಪಾರಿಯ ಕಣ್ಣಿಗೆ ಇದಕ್ಕಿಂತ ಚೆಂದದ ಖರೀದಿ ಸಿಗಲಾರದು. ಆದರೆ 2024ರ ಕೊನೆಗೆ ಬರ್ಕ್‌ಶೈರ್ ಬಳಿ ನಗದು ಮತ್ತು ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಗಳ ರೂಪದಲ್ಲಿ 33,000 ಕೋಟಿ ಡಾಲರಿಗೂ ಹೆಚ್ಚು ಹಣವಿತ್ತು. ಅಷ್ಟು ಹಣದ ಎದುರು ಸೀಸ್‌ನಂಥ ಕಂಪನಿಯ ಬೆಲೆ ಹತ್ತು ಪಟ್ಟಾದರೂ ಒಟ್ಟು ಲೆಕ್ಕ ಅಲುಗುವುದಿಲ್ಲ. ಅಂಥ ನೂರನ್ನು ಹುಡುಕಿ, ಪರಿಶೀಲಿಸಿ, ಚೌಕಾಸಿ ಮಾಡಲು ಅಮೆರಿಕದ ಓಮಾಹಾ ನಗರದಲ್ಲಿರುವ ಅದರ ಪುಟ್ಟ ಕೇಂದ್ರ ಕಚೇರಿಯಲ್ಲಿ ಜನರೂ ಇಲ್ಲ.

ಹಣ ಬರುವುದು ನಿಲ್ಲುವುದೂ ಇಲ್ಲ. ಬರ್ಕ್‌ಶೈರ್‌ನ ವಿಮಾ ಕಂಪನಿಗಳಿಗೆ ಗ್ರಾಹಕರ ಕಂತು ಮೊದಲು ಕೈಸೇರುತ್ತದೆ, ಪರಿಹಾರ ಕೊಡಬೇಕಾದದ್ದು ಎಷ್ಟೋ ಕಾಲದ ಮೇಲೆ. ಅಂಗಸಂಸ್ಥೆಗಳ ಲಾಭವೂ ಓಮಾಹಾಕ್ಕೇ ಬರುತ್ತದೆ. 1967ರ ನಂತರ ಷೇರುದಾರರಿಗೆ ಲಾಭಾಂಶ ಹಂಚಿಲ್ಲ. ಆದ್ದರಿಂದ ಅವರಿಗೆ ಬೇಕಾದದ್ದು ಒಳ್ಳೆಯ ಕಂಪನಿ ಮಾತ್ರವಲ್ಲ, ವರ್ಷವರ್ಷವೂ ದೊಡ್ಡ ಮೊತ್ತವನ್ನು ಅರಗಿಸಿಕೊಳ್ಳಬಲ್ಲ ಕಂಪನಿ. 2010ರಲ್ಲಿ ಬಿಎನ್‌ಎಸ್‌ಎಫ್ ರೈಲ್ವೆಯ ಉಳಿದ ಷೇರುಗಳನ್ನು ಸುಮಾರು 2,600 ಕೋಟಿ ಡಾಲರಿಗೆ ಕೊಂಡದ್ದರ ಹಿಂದೆ ಈ ವಿಚಾರವಿದೆ: ಹಳಿ, ಸೇತುವೆ, ಎಂಜಿನ್ನುಗಳಿಗೆ ನಿರಂತರ ಬಂಡವಾಳ ಬೇಕು, ಪ್ರತಿಫಲ ಸೀಸ್‌ನಷ್ಟಿರದಿದ್ದರೂ ಸ್ಥಿರವಾಗಿರುತ್ತದೆ.

ನಿಮ್ಮ ಸಂಶಯಕ್ಕೆ ಹೆಚ್ಚು ಆಧಾರ ಸಿಗುವುದು ಖಾಸಗಿ ಬಂಡವಾಳ ನಿಧಿಗಳಲ್ಲಿ, ಅಂದರೆ ಇತರರ ಹಣ ಕೂಡಿಸಿ ಕಂಪನಿಗಳನ್ನು ಕೊಳ್ಳುವ ನಿಧಿಗಳಲ್ಲಿ. ಅಲ್ಲಿ ನಿರ್ವಹಣಾ ಶುಲ್ಕವನ್ನು ನಿಧಿಯ ಗಾತ್ರದ ಮೇಲೆ, ಹಿಂದಿನಿಂದಲೂ ಶೇ. 2ರ ಆಸುಪಾಸಿನಲ್ಲಿ, ವಸೂಲು ಮಾಡುವ ರೂಢಿಯಿರುವುದರಿಂದ, ನಿಧಿ ದೊಡ್ಡದಾದಷ್ಟೂ ಶುಲ್ಕ ಹೆಚ್ಚುತ್ತದೆ, ಹೂಡಿಕೆದಾರರು ಗಳಿಸುವ ಮೊದಲೇ ನಿರ್ವಾಹಕರು ಗಳಿಸುತ್ತಾರೆ. ಇದನ್ನು ನಾನು ದೋಷವೆಂದೇ ಎಣಿಸುತ್ತೇನೆ.

ಬರ್ಕ್‌ಶೈರ್ ಕೂಡ ಎಡವಿದೆ. 2016ರಲ್ಲಿ ಕೊಂಡ, ವಿಮಾನದ ಬಿಡಿಭಾಗ ತಯಾರಿಸುವ ಪ್ರಿಸಿಷನ್ ಕಾಸ್ಟ್‌ಪಾರ್ಟ್ಸ್‌ನ ಲೆಕ್ಕದಲ್ಲಿ 2020ರಲ್ಲಿ ಸುಮಾರು 1,000 ಕೋಟಿ ಡಾಲರ್ ಮೌಲ್ಯವನ್ನು ಅಳಿಸಬೇಕಾಯಿತು. ಬೆಲೆ ಹೆಚ್ಚು ಕೊಟ್ಟೆನೆಂದು ಬಫೆಟ್ ಒಪ್ಪಿಕೊಂಡರು. ಯೋಗ್ಯ ಬೆಲೆಗೆ ದೊಡ್ಡ ಕಂಪನಿ ಸಿಗದಿದ್ದಾಗ ತನ್ನದೇ ಷೇರುಗಳನ್ನು ಮರಳಿ ಕೊಳ್ಳುವ ದಾರಿಯೂ ಅವರಿಗಿದೆ; 2021ರಲ್ಲಿ ಅದಕ್ಕೆ ಸುಮಾರು 2,700 ಕೋಟಿ ಡಾಲರ್ ವ್ಯಯಿಸಿದರು.