ಹುಲಿಗೆಮ್ಮನ ಹುಂಡಿ ಸರ್ಕಾರ ಎಣಿಸುತ್ತೆ, ಗವಿಮಠದ್ದು ಯಾಕಿಲ್ಲ?

ಹುಲಿಗಿಯ ಹುಲಿಗೆಮ್ಮನ ಗುಡಿ ಮುಜರಾಯಿ ಇಲಾಖೆಯ ಕೈಯಲ್ಲಿದೆ, ಕೊಪ್ಪಳದ ಗವಿಮಠ ಇಲ್ಲ, ಮಸೀದಿಗಂತೂ ಕಾನೂನೇ ಇಲ್ಲ. ಜಾತ್ಯತೀತ ದೇಶ ಅಂದಮೇಲೆ ಸರ್ಕಾರಕ್ಕೆ ಗುಡಿಯಲ್ಲಿ ಏನು ಕೆಲಸ, ಹುಂಡಿ ದುಡ್ಡು ಎಲ್ಲಿಗೆ ಹೋಗುತ್ತೆ? ಇಷ್ಟು ನಿಮ್ಮ ಪ್ರಶ್ನೆ. ಮಸೀದಿಯ ಮಾತು ಸರಿಯಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸಂವಿಧಾನದ 25ನೇ ವಿಧಿ ನಂಬಿಕೆಗೂ ಆಚರಣೆಗೂ ಸ್ವಾತಂತ್ರ್ಯ ಕೊಡುತ್ತದೆ. ಅದೇ ವಿಧಿಯ 2(ಎ) ಉಪಖಂಡ, ಆಚರಣೆಗೆ ಅಂಟಿಕೊಂಡ ಹಣಕಾಸು ಮತ್ತಿತರ ಲೌಕಿಕ ವ್ಯವಹಾರವನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದು ಎನ್ನುತ್ತದೆ. ಅಂದರೆ ಗೆರೆ ಬಿದ್ದಿರುವುದು ಗುಡಿಯ ಒಳಗೇ. ದೇವಿಗೆ ಯಾವ ಹೊತ್ತಿಗೆ ಯಾವ ಪೂಜೆ, ಏನು ನೈವೇದ್ಯ ಎಂಬುದು ಧರ್ಮದ ಪಾಲು. ನೈವೇದ್ಯದ ಅಕ್ಕಿ ಎಷ್ಟಕ್ಕೆ ತಂದರು, ಬಿಲ್ ಎಲ್ಲಿದೆ ಎಂಬುದು ಕಾನೂನಿನ ಪಾಲು. 1954ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಅದೇ ಕೋರ್ಟಿನ 1972ರ ಶೇಷಮ್ಮಾಳ್ ತೀರ್ಪು ಇನ್ನೂ ಮುಂದೆ ಹೋಯಿತು: ಅರ್ಚಕರ ನೇಮಕ ಲೌಕಿಕ ಕೆಲಸ, ವಂಶಪಾರಂಪರ್ಯದ ಹಕ್ಕನ್ನು ಶಾಸನಸಭೆ ತೆಗೆದುಹಾಕಬಹುದು, ಆದರೆ ನೇಮಕವಾದವರು ಆ ಗುಡಿಯ ಆಗಮಕ್ಕೆ, ಅಂದರೆ ಪೂಜೆಯ ಶಾಸ್ತ್ರಕ್ಕೆ, ಹೊಂದುವವರಾಗಿರಬೇಕು.

ಕಾನೂನು ಆ ಗೆರೆ ದಾಟಿ ಹರಕೆಗೇ ಕೈ ಹಾಕುವುದೂ ಉಂಟು. 1959ರ ಪ್ರಾಣಿಬಲಿ ತಡೆ ಕಾಯ್ದೆ ನೋಡಿ. ಗುಡಿ, ಅದರ ಆವರಣ, ದೇವರ ಮೆರವಣಿಗೆ, ಇಲ್ಲೆಲ್ಲೂ ಕೋಣ ಕುರಿ ಕೋಳಿ ಯಾವುದನ್ನೂ ಬಲಿ ಕೊಡುವಂತಿಲ್ಲ. ಮಾಂಸದೂಟಕ್ಕೆ ಆ ಕಾಯ್ದೆಯ ಅಡ್ಡಿಯಿಲ್ಲ. ದೇವರನ್ನು ಒಲಿಸಿಕೊಳ್ಳಲು ಕೊಲ್ಲುವುದಕ್ಕೆ ಅಡ್ಡಿ. ಜಾತ್ರೆಗಳಲ್ಲಿ ಪೊಲೀಸರಿಗೂ ಭಕ್ತರಿಗೂ ಜಟಾಪಟಿ ಆಗುವುದು ಇಲ್ಲೇ. ಕುರಿ ಹಿಡಿದು ಬಂದವನು ‘ಇದು ಊಟಕ್ಕೆ ಸಾಹೇಬ್ರೇ’ ಅಂದರೆ, ಹರಕೆಯೋ ಊಟವೋ ಎಂದು ರಸ್ತೆಯಲ್ಲಿ ತೀರ್ಮಾನಿಸುವುದು ಹೇಗೆ?

ಈಗ ಹುಲಿಗಿಗೆ ಬರೋಣ. ನಮ್ಮ ಭಾಗದಲ್ಲಿ ಹಿಂದೆ ಒಂದೇ ಕಾನೂನು ಇರಲಿಲ್ಲ. ಬಳ್ಳಾರಿಯ ಗುಡಿಗಳಿಗೆ 1951ರ ಮದ್ರಾಸ್ ಕಾಯ್ದೆ. ರಾಯಚೂರು, ಕೊಪ್ಪಳದ ಗುಡಿಗಳಿಗೆ ನಿಜಾಮರ ಕಾಲದ 1349 ಫಸಲಿಯ (ಆಗಿನ ಕಂದಾಯ ವರ್ಷದ ಲೆಕ್ಕ, ನಮ್ಮ ಲೆಕ್ಕದಲ್ಲಿ ಸುಮಾರು 1940) ಹೈದರಾಬಾದ್ ದತ್ತಿ ನಿಯಮ. ತುಂಗಭದ್ರೆಯ ಆ ದಡಕ್ಕೊಂದು ಕಾನೂನು, ಈ ದಡಕ್ಕೊಂದು. ಇವನ್ನೆಲ್ಲ ತೆಗೆದು ರಾಜ್ಯಕ್ಕೆಲ್ಲ ಒಂದೇ ಮಾಡಿದ್ದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ, ಜಾರಿಯಾದದ್ದು 2003ರಲ್ಲಿ. 2006ರಲ್ಲಿ ಹೈಕೋರ್ಟ್ ಇದನ್ನು ರದ್ದು ಮಾಡಿತು. ಮಠಗಳನ್ನೂ ಬೇರೆ ಕೆಲವರನ್ನೂ ಹೊರಗಿಟ್ಟು ಕೆಲವು ಗುಡಿಗಳನ್ನು ಮಾತ್ರ ಹಿಡಿದದ್ದು ತಾರತಮ್ಯ ಎಂಬುದು ಮುಖ್ಯ ತಕರಾರು. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ಕಾಯ್ದೆ ಉಳಿದಿದೆ. ಅಂದರೆ ನಿಮ್ಮ ಸಿಟ್ಟಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಹೈಕೋರ್ಟೇ ಅದನ್ನು ಒಪ್ಪಿತ್ತು.

ಮುಜರಾಯಿಯಲ್ಲಿ 34 ಸಾವಿರಕ್ಕೂ ಹೆಚ್ಚು ಗುಡಿಗಳಿವೆ. ವರ್ಷದ ಆದಾಯ 25 ಲಕ್ಷ ಮೀರಿದರೆ ‘ಎ’, 5ರಿಂದ 25 ಲಕ್ಷ ‘ಬಿ’, ಅದಕ್ಕಿಂತ ಕಡಿಮೆಯಾದರೆ ‘ಸಿ’. ಹುಲಿಗೆಮ್ಮ ‘ಎ’. ಊರೂರಿನ ಹನುಮಪ್ಪ, ದ್ಯಾಮವ್ವನ ಗುಡಿಗಳು ಮುಜರಾಯಿಯಲ್ಲಿದ್ದರೆ ಬಹುತೇಕ ‘ಸಿ’.

ಹುಂಡಿ ಎಣಿಕೆ ಹೇಗೆ ನಡೆಯುತ್ತದೆ ನೋಡಿ. ಕಾರ್ಯನಿರ್ವಾಹಕ ಅಧಿಕಾರಿ, ಕಂದಾಯ ಇಲಾಖೆಯವರು, ಪೊಲೀಸರು, ಬ್ಯಾಂಕ್ ಸಿಬ್ಬಂದಿ ಇದ್ದಾಗಲೇ ಸೀಲು ಒಡೆಯಬೇಕು, ಕ್ಯಾಮೆರಾ ಓಡುತ್ತಿರಬೇಕು. ನೋಟು, ಚಿಲ್ಲರೆ ಬೇರೆ ಬೇರೆ ಮಾಡಿ ಎಣಿಸುತ್ತಾರೆ. ಬೆಳ್ಳಿ ಬಂಗಾರ ತೂಗಿ ಬರೆಯುತ್ತಾರೆ. ಪಂಚನಾಮೆಗೆ ಸಹಿ ಬೀಳುತ್ತದೆ. ಹಣ ಜಮಾ ಆಗುವುದು ದೇವಸ್ಥಾನದ ಬ್ಯಾಂಕ್ ಖಾತೆಗೆ, ಸರ್ಕಾರದ ಖಜಾನೆಗಲ್ಲ. ‘ಹುಂಡಿ ದುಡ್ಡಲ್ಲಿ ರಸ್ತೆ ಮಾಡಿಸ್ತಾರೆ’ ಎಂಬ ವಾಟ್ಸಾಪ್ ಮಾತು ಸುಳ್ಳಾಗುವುದು ಇಲ್ಲಿ.

ಹೊರಗೆ ಹೋಗುವ ಒಂದು ಪಾಲು ಮಾತ್ರ ಇದೆ, ಸಾಮಾನ್ಯ ಸಂಗ್ರಹಣಾ ನಿಧಿಗೆ. 2011ರ ತಿದ್ದುಪಡಿಯ ಲೆಕ್ಕದಲ್ಲಿ, ಒಟ್ಟು ಆದಾಯ 5ರಿಂದ 10 ಲಕ್ಷ ಇದ್ದರೆ ನಿವ್ವಳದ ಶೇ 5, ಅದಕ್ಕೂ ಮೇಲಿದ್ದರೆ ನಿವ್ವಳದ ಶೇ 10. ಆ ನಿಧಿ ಇದೇ ಕಾಯ್ದೆಯಡಿಯ ಬಡ ಗುಡಿಗಳಿಗೆ ಮತ್ತು ಅರ್ಚಕರಿಗೆ. 2024ರಲ್ಲಿ ಈ ದರ ಬದಲಿಸುವ ಮಸೂದೆ ಬಂದಾಗ ದೊಡ್ಡ ಗಲಾಟೆಯಾಯಿತು, ರಾಜ್ಯಪಾಲರು ವಾಪಸ್ ಕಳಿಸಿದರು. ಸರ್ಕಾರದ ಬೊಕ್ಕಸದಿಂದ ಗುಡಿಗೆ ಬರುವುದೂ ಇದೆ: ‘ಸಿ’ ಗುಡಿಯ ಪೂಜಾರಿಗೆ ಸಿಗುವ ತಸ್ತೀಕ್. ವರ್ಷಕ್ಕೆ 60 ಸಾವಿರ ಇದ್ದದ್ದನ್ನು 2025–26ರ ಬಜೆಟ್ 72 ಸಾವಿರಕ್ಕೆ ಏರಿಸಿತು. ಇದರ ಮೂಲ ಇನಾಂ ರದ್ದತಿಯಲ್ಲಿದೆ. ಗುಡಿಯ ಹೊಲ ಹೋದದ್ದಕ್ಕೆ ಬದಲಿಯಾಗಿ ಬಂದ ನಗದು ಅದು.

ಗವಿಮಠ ಹೊರಗಿರಲು ಕಾರಣ ಕಾಯ್ದೆಯ ಮೊದಲ ಕಲಮಿನಲ್ಲೇ ಇದೆ: ಮಠಗಳಿಗೂ ಅವುಗಳಿಗೆ ಸೇರಿದ ಗುಡಿಗಳಿಗೂ ಇದು ಅನ್ವಯಿಸುವುದಿಲ್ಲ. ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವ ಹಕ್ಕನ್ನು 26ನೇ ವಿಧಿ ಕೊಡುತ್ತದೆ. ಹಾಗಂತ ಮಠವನ್ನು ಪ್ರಶ್ನಿಸಲು ದಾರಿಯೇ ಇಲ್ಲ ಎಂದಲ್ಲ. ಯಾವುದೇ ಸಾರ್ವಜನಿಕ ಧಾರ್ಮಿಕ ದತ್ತಿಯ ಆಸ್ತಿ ದುರುಪಯೋಗವಾದರೆ, ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಮೊದಲು ಕೋರ್ಟಿನ ಅನುಮತಿ ಬೇಕು. ಅದನ್ನು ಬಿಟ್ಟು ನೇರ ದಾವೆ ಹಾಕಿದರೆ ಅದು ನಿಲ್ಲುವುದಿಲ್ಲ.

ಮಸೀದಿ, ದರ್ಗಾ, ಖಬರಸ್ತಾನಗಳ ವಕ್ಫ್ ಆಸ್ತಿಗೆ 1995ರ ಕಾಯ್ದೆ ಇದೆ. ನೋಂದಣಿ, ಆಸ್ತಿ ನೋಡಿಕೊಳ್ಳುವ ಮುತವಲ್ಲಿ ಲೆಕ್ಕ ಒಪ್ಪಿಸುವುದು, ಆಡಿಟ್, ನಿವ್ವಳ ಆದಾಯದಲ್ಲಿ ಮಂಡಳಿಗೆ ಪಾಲು, ಎಲ್ಲವೂ ಅಲ್ಲಿದೆ. ಆ ಪಾಲು ಶೇ 7 ಇತ್ತು, 2025ರ ತಿದ್ದುಪಡಿ ಶೇ 5ಕ್ಕೆ ಇಳಿಸಿತು. ವ್ಯತ್ಯಾಸವೇ ಇಲ್ಲವೆಂದಲ್ಲ: ವಕ್ಫ್‌ಗೆ ಪ್ರತ್ಯೇಕ ಮಂಡಳಿಯಿದೆ, ದೊಡ್ಡ ಗುಡಿಯಲ್ಲಿ ಸರ್ಕಾರಿ ಅಧಿಕಾರಿಯೇ ಕೂತಿರುತ್ತಾನೆ.

ನನ್ನ ಪ್ರಕಾರ ನಿಜವಾದ ರೋಗ ಬೇರೆ ಕಡೆ ಇದೆ. ಕಾಯ್ದೆ ಪ್ರಕಾರ ಗುಡಿಗೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ ಇರಬೇಕು: ಪ್ರಧಾನ ಅರ್ಚಕ, ಪರಿಶಿಷ್ಟರಲ್ಲಿ ಕನಿಷ್ಠ ಒಬ್ಬರು, ಇಬ್ಬರು ಮಹಿಳೆಯರು, ಸ್ಥಳೀಯರು. ಅವಧಿ ಮೂರು ವರ್ಷ. ‘ಎ’ ಗುಡಿಗೆ ರಾಜ್ಯ ಧಾರ್ಮಿಕ ಪರಿಷತ್ತು, ‘ಬಿ’ ಮತ್ತು ‘ಸಿ’ಗೆ ಜಿಲ್ಲಾ ಧಾರ್ಮಿಕ ಪರಿಷತ್ತು ಅದನ್ನು ರಚಿಸಬೇಕು. ಸರ್ಕಾರ ಬದಲಾದಾಗ ಸಮಿತಿ ಖಾಲಿ ಬೀಳುತ್ತದೆ, ಆಡಳಿತಾಧಿಕಾರಿಯೇ ಎಲ್ಲವನ್ನೂ ನಡೆಸುತ್ತಾನೆ. ರಚನೆಯಾದರೂ ಶಾಸಕರ ಕಡೆಯವರದೇ ಪಟ್ಟಿ. ಅರ್ಜಿ ಕರೆದಾಗ ಊರಿನವರು ಹಾಕದಿದ್ದರೆ ಇದು ಹೀಗೇ ನಡೆಯುತ್ತದೆ.

ನಿಮ್ಮೂರ ಗುಡಿಯ ಲೆಕ್ಕ ಬೇಕಾದರೆ ತಹಶೀಲ್ದಾರ್ ಕಚೇರಿಯ ಮುಜರಾಯಿ ಶಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹುಂಡಿ, ಹೊಲ, ಪೂಜಾರಿಯ ನೇಮಕ ಮೂರನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ. ಮೊದಲ ಅರ್ಜಿಯಲ್ಲಿ ಹುಂಡಿ ಎಣಿಕೆಯ ಪಂಚನಾಮೆಗಳನ್ನಷ್ಟೇ ಕೇಳಿ, ವರ್ಷ ನಮೂದಿಸಿ. ಬ್ಯಾಂಕ್ ಜಮಾ ವಿವರಕ್ಕೆ ಇನ್ನೊಂದು ಅರ್ಜಿ ಹಾಕಿ. ಎರಡನ್ನೂ ಪಕ್ಕಪಕ್ಕ ಇಟ್ಟು ತಾರೀಕು, ಮೊತ್ತ ತಾಳೆ ನೋಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.