ಕೀ ಕೊಟ್ಟ ದಿನ, ಲೀಸ್ ಮುಗಿದ ದಿನ

ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "2021ರ ಸೆಪ್ಟೆಂಬರಿನಲ್ಲಿ ನನ್ನೊಬ್ಬನ ಹೆಸರಿನಲ್ಲೇ ಹತ್ತು ವರ್ಷದ ಲೀಸ್ ಬರೆಸಿ ಪಬ್ ಒಂದನ್ನು ಹಿಡಿದೆ. ಮೇಲಿನ ಮಹಡಿಯಲ್ಲೇ ನಮ್ಮ ಸಂಸಾರ. ಬಿಯರನ್ನು ಮಾಲೀಕ ಕಂಪನಿಯಿಂದಲೇ ಕೊಳ್ಳಬೇಕೆಂಬ ಕರಾರಿತ್ತು. ಕರೆಂಟು, ಗ್ಯಾಸಿನ ಬಿಲ್ಲು ತಾಳಲಾರದೆ 2023ರ ಸೆಪ್ಟೆಂಬರ್ 30ರಂದು ಕಂಪನಿಯ ಏರಿಯಾ ಮ್ಯಾನೇಜರ್ ಕೈಗೆ ಕೀ ಕೊಟ್ಟು ಹೊರಬಂದೆ. ಬರುವಾಗ 11,000 ಪೌಂಡ್ ಕೊಟ್ಟು ಕೊಂಡಿದ್ದ ಮೇಜು, ಕುರ್ಚಿ, ಅಡುಗೆ ಸಾಮಾನು ಎಲ್ಲವನ್ನೂ ಅಲ್ಲೇ ಬಿಟ್ಟೆ. ನವೆಂಬರ್ ನಡುವಿನಲ್ಲಿ ಬೇರೆ ಯಾರೋ ಪಬ್ ತೆರೆದರೆಂದೂ, ಹೊಸ ವರ್ಷದಲ್ಲಿ ಒಳಗಿನ ಸಣ್ಣ ಕೋಣೆಯ ಗೋಡೆ ಒಡೆದು ಹೊಸ ಅಡುಗೆಮನೆ ಮಾಡಿದರೆಂದೂ ಹಳೆಯ ಗಿರಾಕಿಯೊಬ್ಬರು ತಿಳಿಸಿದರು. ಹದಿನಾರು ತಿಂಗಳ ನಂತರ ಈಗ ವಸೂಲಿ ಏಜೆನ್ಸಿಯೊಂದು ಏಳು ದಿನದಲ್ಲಿ 38,640 ಪೌಂಡ್ ಕಟ್ಟಿ, ಇಲ್ಲವಾದರೆ ಜಪ್ತಿಯವರು ಮನೆಗೆ ಬರುತ್ತಾರೆ ಎಂದು ಬರೆದಿದೆ. ನಾನು ಕೊಟ್ಟ 6,000 ಪೌಂಡ್ ಠೇವಣಿಯ ಸುದ್ದಿಯೇ ಅದರಲ್ಲಿಲ್ಲ. ಮನೆಯಾಕೆಗೆ ರಾತ್ರಿ ನಿದ್ದೆಯಿಲ್ಲ. ಕಂತಿನಲ್ಲಿ ಕಟ್ಟುತ್ತೇನೆಂದು ಬರೆದುಬಿಡಲೇ?"

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆ ಕಾಯುವಂಥದ್ದಲ್ಲವಾದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಹಾಗೆ ಬರೆಯಬೇಡಿ. ಸದ್ಭಾವನೆಯ ಗುರುತಿಗೆಂದು ನೂರು ಪೌಂಡನ್ನೂ ಕಳಿಸಬೇಡಿ. ಬಾಕಿಯನ್ನು ಸಹಿ ಮಾಡಿದ ಕಾಗದದಲ್ಲಿ ಒಪ್ಪಿಕೊಂಡರೆ, ಅಥವಾ ಬಾಡಿಗೆಯಲ್ಲದ ಸಾಲದಲ್ಲಿ ಸ್ವಲ್ಪ ಕಟ್ಟಿದರೆ, 1980ರ ಕಾಲಮಿತಿ ಕಾಯ್ದೆಯ ಪ್ರಕಾರ ಆ ಬಾಕಿಯ ಗಡುವು ಅಂದಿನಿಂದ ಹೊಸದಾಗಿ ಎಣಿಕೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂದು ಭಯದಲ್ಲಿ ಬರೆದ ಎರಡು ಸಾಲನ್ನು ನಾಳೆ ಎದುರು ವಕೀಲರು ನ್ಯಾಯಾಲಯದಲ್ಲಿ ನಿಮ್ಮ ಒಪ್ಪಿಗೆಯೆಂದು ಓದುತ್ತಾರೆ. ಹಾಗೆಂದು ಸುಮ್ಮನೆ ಕೂರುವುದೂ ಸಲ್ಲದು. ಬಾಡಿಗೆ ಬಾಕಿಗೆ ಅಲ್ಲಿ ಆರು ವರ್ಷದ ಗಡುವಿದೆ, ಅಂದರೆ ನಿಮ್ಮ ವಿಷಯದಲ್ಲಿ 2029ರ ಕೊನೆ ಇಲ್ಲವೇ 2030ರ ಆರಂಭದವರೆಗೆ. ಅಷ್ಟು ಕಾಲ ಯಾರೂ ಮರೆತು ಕೂರುವುದಿಲ್ಲ.

ನೀವು ಕಳಿಸಿದ ಲೆಕ್ಕದ ಹಾಳೆಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿರುವುದು ಐದೇ ಸಾಲು: ಅಕ್ಟೋಬರಿನಿಂದ ಜನವರಿಯವರೆಗಿನ ಬಾಡಿಗೆ 9,600, ಡೈಲಾಪಿಡೇಶನ್ಸ್, ಅಂದರೆ ಕಟ್ಟಡದ ದುರಸ್ತಿ ಬಾಬ್ತು, 18,500, ಬಿಯರ್ ಖಾತೆ 4,200, ವಿಮೆ 1,340, ಕಾನೂನು ವೆಚ್ಚ, ಬಡ್ಡಿ, ವಸೂಲಿ ಖರ್ಚು ಎಲ್ಲ ಸೇರಿ 5,000. ಎಲ್ಲಕ್ಕಿಂತ ದೊಡ್ಡದಾದ ದುರಸ್ತಿಯ ಸಾಲಿಗೆ ಯಾವ ಕೋಣೆಯ ಯಾವ ಕೆಲಸ ಎಂಬ ವಿವರ ಒಂದಕ್ಷರವೂ ಇಲ್ಲ. ಕೊನೆಯ ಎರಡು ಸೊನ್ನೆಗಳವರೆಗೆ ಇಷ್ಟು ಚೊಕ್ಕವಾಗಿ ಮುಗಿಯುವ ದುರಸ್ತಿ ಬಿಲ್ಲನ್ನು ಯಾವ ಮೇಸ್ತ್ರಿಯೂ ಬರೆಯುವುದಿಲ್ಲ, ಅದು ಅಂದಾಜು. ಆದ್ದರಿಂದ 38,640 ಎಂಬ ಮೊತ್ತದ ಜೊತೆ ಜಗಳಕ್ಕಿಳಿಯಬೇಡಿ. ಒಂದೊಂದು ಸಾಲನ್ನೂ ಬಿಡಿಸಿ ಕೇಳಿ.

ಬಾಡಿಗೆಯ ಸಾಲಿಗೆ ಬರೋಣ. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಕೀ ಕೊಟ್ಟ ದಿನವೇ ಲೀಸ್ ಮುಗಿಯಿತು ಎಂದು ನೀವು ನಂಬಿದ್ದೀರಿ. ಇಂಗ್ಲೆಂಡಿನ ಕಾನೂನು ಹಾಗೆನ್ನುವುದಿಲ್ಲ. ನಡುವೆ ಬಿಡುವ ಹಕ್ಕನ್ನು ಲೀಸೇ ಕೊಟ್ಟಿರದಿದ್ದರೆ, ಅವಧಿ ಬಾಕಿ ಇರುವ ಲೀಸನ್ನು ಬಾಡಿಗೆದಾರ ಒಬ್ಬನೇ ಮುಗಿಸಲಾರ. ಒಂದೋ ಇಬ್ಬರೂ ಸಹಿ ಮಾಡಿದ ಸರೆಂಡರ್ ಪತ್ರ ಇರಬೇಕು, ಇಲ್ಲವೇ ಲೀಸ್ ಇನ್ನೂ ಇದೆ ಎಂಬ ಮಾತಿಗೆ ಹೊಂದದ ಕೆಲಸವನ್ನು ಇಬ್ಬರೂ ಮಾಡಿರಬೇಕು. ಏರಿಯಾ ಮ್ಯಾನೇಜರ್ ಕೀ ಗೊಂಚಲು ತೆಗೆದುಕೊಂಡು ಜೇಬಿಗಿಳಿಸಿದ್ದು ಮಾತ್ರಕ್ಕೆ ಕಂಪನಿ ಲೀಸನ್ನು ವಾಪಸು ಪಡೆದಂತಾಗುವುದಿಲ್ಲ. ಕಟ್ಟಡದ ಕಾವಲಿಗಾಗಿ ಬೀಗ ಬದಲಿಸಿದರೂ ಅಷ್ಟರಿಂದಲೇ ಆಗುವುದಿಲ್ಲ. ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಬಾಡಿಗೆದಾರ ಬಿಟ್ಟುಹೋದ ಮೇಲೆ ನಷ್ಟ ತಗ್ಗಿಸಲು ಹೊಸ ಬಾಡಿಗೆದಾರನನ್ನು ಹುಡುಕುವ ಹೊಣೆ ಮಾಲೀಕನಿಗಿಲ್ಲ, ಖಾಲಿ ಬಿಟ್ಟು ಬಾಡಿಗೆ ಕೇಳುತ್ತ ಕೂರಬಹುದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಹೇಳಿದೆ. "ಅವರು ಬೇಗ ಯಾರಿಗಾದರೂ ಕೊಡಬಹುದಿತ್ತಲ್ಲ" ಎಂಬ ನಿಮ್ಮ ವಾದ ನ್ಯಾಯವಾಗಿ ಕೇಳಿಸುತ್ತದೆ, ಆದರೆ ಅದರಿಂದ ಉಪಯೋಗವಿಲ್ಲ. ಪತ್ರದಿಂದ ಅದನ್ನು ತೆಗೆದುಹಾಕಿ.

ಆದರೆ ಕಂಪನಿ ಖಾಲಿ ಬಿಟ್ಟು ಕೂರಲಿಲ್ಲ ಎಂಬುದೇ ನಿಮ್ಮ ಬಲ. ಅದೇ ಕಟ್ಟಡವನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟ ಕ್ಷಣಕ್ಕೆ ನಿಮ್ಮ ಲೀಸ್ ಮುಗಿಯುತ್ತದೆ. ಒಂದು ಕಟ್ಟಡದ ಸ್ವಾಧೀನವನ್ನು ಇಬ್ಬರಿಗೆ ಮಾರಲು ಬರುವುದಿಲ್ಲ. ಹಾಳೆಯನ್ನು ಇನ್ನೊಮ್ಮೆ ನೋಡಿ: ಹತ್ತು ವರ್ಷದ ಲೀಸಿನಲ್ಲಿ ಎಂಟು ವರ್ಷ ಬಾಕಿ ಇದ್ದರೂ ಕಂಪನಿ ಬಾಡಿಗೆಯ ಲೆಕ್ಕವನ್ನು ಜನವರಿಗೆ ನಿಲ್ಲಿಸಿದೆ. ಏಕೆ? ಫೆಬ್ರವರಿಯಲ್ಲಿ ಹೊಸ ಲೀಸಿಗೆ ಸಹಿ ಬಿದ್ದಿರಬೇಕು. ಆ ತರ್ಕವನ್ನು ಅವರೇ ಒಪ್ಪಿದ್ದಾರೆ ಎಂದಾದರೆ, ನವೆಂಬರ್ ನಡುವಿನಲ್ಲಿ ಬಾಗಿಲು ತೆರೆದವರು ಯಾರು, ಯಾವ ಕರಾರಿನ ಮೇಲೆ ತೆರೆದರು ಎಂಬುದೇ ನೀವು ಕೇಳಬೇಕಾದ ಪ್ರಶ್ನೆ. ಬಾಡಿಗೆ ಕೊಟ್ಟು ತಮ್ಮ ಲಾಭಕ್ಕೆ ನಡೆಸಿದ್ದರೆ ಅಂದಿಗೇ ನಿಮ್ಮ ಲೀಸ್ ಮುಗಿದಿದೆ, ತಿಂಗಳಿಗೆ 2,400ರಂತೆ ಎರಡೂವರೆ ತಿಂಗಳ 6,000 ಪೌಂಡ್ ಬಿದ್ದುಹೋಗುತ್ತದೆ. ಕಟ್ಟಡ ಹಾಳಾಗದಿರಲೆಂದು ಕಂಪನಿ ತನ್ನ ನೌಕರನನ್ನು ಕೂರಿಸಿದ್ದರೆ ಮಾತು ಇಷ್ಟು ಸಲೀಸಲ್ಲ.

ಇದಕ್ಕೆ ಸಾಕ್ಷಿ ಎಲ್ಲಿ ಸಿಗುತ್ತದೆ? ಹಳೆಯ ಗಿರಾಕಿಯ ಫೋನ್ ಮಾತಿಗಿಂತ ಗಟ್ಟಿಯಾದದ್ದು ಅಲ್ಲಿನ ಕೌನ್ಸಿಲಿನಲ್ಲಿದೆ. 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಪ್ರತಿಯೊಂದು ಪಬ್ಬಿನ ಪ್ರಿಮಿಸಸ್ ಲೈಸೆನ್ಸಿನ, ಅಂದರೆ ಆ ಕಟ್ಟಡದಲ್ಲಿ ಮದ್ಯ ಮಾರುವ ಪರವಾನಗಿಯ, ವಿವರ ಕೌನ್ಸಿಲಿನ ರಿಜಿಸ್ಟರಿನಲ್ಲಿ ಇರಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಹೊಣೆಗಾರ ಸೂಪರ್‌ವೈಸರ್ ಎಂದು ನಿಮ್ಮ ಹೆಸರಿದ್ದ ಜಾಗಕ್ಕೆ ಇನ್ನೊಬ್ಬರ ಹೆಸರು ಯಾವ ತಾರೀಕಿಗೆ ಬಂತು, ಅರ್ಜಿ ಹಾಕಿದವರು ಯಾರು ಎಂದು ಬರೆದು ಕೇಳಿ. ಜೊತೆಗೆ ನಿಮ್ಮ ಫೋನಿನಲ್ಲಿ ಉಳಿದಿರುವ ಆ ಮೂರು ಚಿತ್ರಗಳು ಬಹಳ ಬೆಲೆಯುಳ್ಳವು: ಸೆಲ್ಲಾರಿನ ಮೆಟ್ಟಿಲ ಬಳಿಯ ಕರೆಂಟು ಮೀಟರು, ಗ್ಯಾಸು ಮೀಟರು, ಬಾರ್ ಕಟ್ಟೆಯ ಮೇಲಿಟ್ಟ ಕೀ ಗೊಂಚಲಿನ ಪಕ್ಕದಲ್ಲಿ ಮ್ಯಾನೇಜರ್ ಗೀಚಿಕೊಟ್ಟ ಚೀಟಿ. ಚೀಟಿಯಲ್ಲಿ "ಸ್ವೀಕರಿಸಿದೆ" ಎಂದಷ್ಟೇ ಇದೆಯೋ, "ಲೀಸ್ ಮುಕ್ತಾಯ" ಎಂಬ ಮಾತೂ ಇದೆಯೋ ಚಿತ್ರದಲ್ಲಿ ನನಗೆ ಓದಲಾಗಲಿಲ್ಲ. ಎರಡನೆಯದಿದ್ದರೆ ಅಕ್ಟೋಬರಿನ ಬಾಡಿಗೆಯನ್ನೂ ಪ್ರಶ್ನಿಸಬಹುದು.

ದುರಸ್ತಿಯ 18,500ರ ಬಗ್ಗೆ ನನಗಿರುವ ಅನುಮಾನ ಇನ್ನೂ ಹೆಚ್ಚು. ಲೀಸಿನಲ್ಲಿ ದುರಸ್ತಿಯ ಹೊಣೆ ನಿಮ್ಮದೆಂದು ಬರೆದಿದ್ದರೂ, 1927ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯ್ದೆಯ 18ನೇ ಕಲಮು ಆ ಹಕ್ಕಿಗೆ ಒಂದು ಮಿತಿ ಹಾಕಿದೆ: ದುರಸ್ತಿ ಮಾಡದ್ದರಿಂದ ಮಾಲೀಕನ ಆಸ್ತಿಯ ಬೆಲೆ ಎಷ್ಟು ಇಳಿಯಿತೋ ಅದಕ್ಕಿಂತ ಹೆಚ್ಚು ಪರಿಹಾರ ಕೇಳುವಂತಿಲ್ಲ, ಲೀಸ್ ಮುಗಿದ ಸ್ವಲ್ಪದರಲ್ಲೇ ಕಟ್ಟಡವನ್ನು ಕೆಡವುವುದು ಅಥವಾ ದುರಸ್ತಿಯೇ ನಿರರ್ಥಕವಾಗುವಂತೆ ಅದರ ರಚನೆಯನ್ನು ಬದಲಿಸುವುದು ನಿಶ್ಚಯವಾಗಿದ್ದರೆ ಅಷ್ಟರ ಮಟ್ಟಿಗೆ ಪರಿಹಾರವೇ ಇಲ್ಲ. ಒಡೆದುಹಾಕಿದ ಗೋಡೆಗೆ ಸುಣ್ಣ ಬಣ್ಣ ಬಳಿಯಲು, ಕಿತ್ತೆಸೆದ ಅಡುಗೆಮನೆಯ ನೆಲ ಸರಿಪಡಿಸಲು ನಿಮ್ಮಿಂದ ಹಣ ಕೇಳಿದ್ದಾರೆಯೇ? ವಿವರಪಟ್ಟಿ ಬಂದರೆ ಗೊತ್ತಾಗುತ್ತದೆ. ದಾವೆ ಹೂಡುವ ಮುನ್ನ ಪಾಲಿಸಬೇಕಾದ, ಅಲ್ಲಿನ ನ್ಯಾಯಾಲಯಗಳ ಪೂರ್ವಭಾವಿ ನಿಯಮಗಳಂತೆ ಲೀಸ್ ಮುಗಿದ 56 ದಿನದೊಳಗೆ ಮಾಲೀಕರು ಇಂಥ ಪಟ್ಟಿಯನ್ನು ಕಳಿಸುವುದು ಪದ್ಧತಿ. ತಡವಾಯಿತೆಂಬ ಕಾರಣಕ್ಕೆ ಹಕ್ಕು ಸತ್ತುಹೋಗುವುದಿಲ್ಲ, ಆದರೆ ಹದಿನಾರು ತಿಂಗಳಾದರೂ ಪಟ್ಟಿಯೇ ಇಲ್ಲ ಎಂಬುದನ್ನು ನ್ಯಾಯಾಧೀಶರು ಖರ್ಚಿನ ಆದೇಶ ಮಾಡುವಾಗ ಗಮನಿಸುತ್ತಾರೆ. 2021ರಲ್ಲಿ ಪಬ್ ಹಿಡಿದಾಗ ಕಟ್ಟಡದ ಸ್ಥಿತಿಯನ್ನು ಚಿತ್ರ ಸಮೇತ ದಾಖಲಿಸಿ ಲೀಸಿಗೆ ಲಗತ್ತಿಸಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಸಾಮಾನ್ಯವಾಗಿ ಅಂಥ ಲೀಸುಗಳಲ್ಲಿ ಅದಕ್ಕಿಂತ ಉತ್ತಮ ಸ್ಥಿತಿಯಲ್ಲಿ ಹಿಂದಿರುಗಿಸುವ ಹೊಣೆ ಇರುವುದಿಲ್ಲ.

ಬಿಯರ್ ಖಾತೆಯ ಬಾಕಿ ಬಹುಮಟ್ಟಿಗೆ ನಿಜವೇ ಇರಬೇಕು, ಕೊನೆಯ ಎರಡು ಲೋಡಿಗೆ ಹಣ ಹೋಗಿಲ್ಲವೆಂದು ನೀವೇ ಬರೆದಿದ್ದೀರಿ. ಸೆಲ್ಲಾರಿನಲ್ಲಿ ಬಾಯಿ ತೆರೆಯದೆ ಬಿಟ್ಟುಬಂದ ಪೀಪಾಯಿಗಳ ಬೆಲೆಯನ್ನು ಕಳೆದಿದ್ದಾರೆಯೇ ಎಂದು ಡೆಲಿವರಿ ಚೀಟಿ ಹಿಡಿದು ನೋಡಿ. ವಿಮೆಯದು ಯಾವ ಅವಧಿಯ ಕಂತೆಂದು ಕೇಳಿ. ಬಡ್ಡಿ ಮತ್ತು ವೆಚ್ಚಕ್ಕೆ ಲೀಸಿನ ಯಾವ ಕಲಮು ಆಧಾರ, ಯಾವ ದರ, ಯಾವ ದಿನದಿಂದ ಎಂದು ಕೇಳಿ.

ಅವರು ಬರೆಯದ ಸಾಲುಗಳು ಇನ್ನೆರಡಿವೆ. ಠೇವಣಿಯ 6,000 ಪೌಂಡಿಗೆ ಸಾಮಾನ್ಯವಾಗಿ ಪ್ರತ್ಯೇಕ ಕರಾರುಪತ್ರ ಇರುತ್ತದೆ. ಅದರಿಂದ ಯಾವಾಗ, ಯಾವುದಕ್ಕಾಗಿ ಹಣ ತೆಗೆದರು ಎಂಬ ಲೆಕ್ಕ ಕೊಡುವುದು ಅವರ ಹೊಣೆ. ಮೇಜು, ಕುರ್ಚಿ, ಅಡುಗೆ ಸಾಮಾನು ನಿಮ್ಮ ಸ್ವಂತದ್ದು. ಪಬ್ ಕೈ ಬದಲಾಗುವಾಗ ಅವುಗಳಿಗೆ ಬೆಲೆ ಕಟ್ಟಿಸಿ, ಬರುವವರಿಂದಲೋ ಮಾಲೀಕರಿಂದಲೋ ಹೋಗುವವರಿಗೆ ಹಣ ಕೊಡಿಸುವುದು ಆ ವ್ಯಾಪಾರದ ರೂಢಿ. ನಿಮ್ಮ ಕರಾರು ಏನೆನ್ನುತ್ತದೆ ಎಂದು ಓದಿ ನೋಡಿ. ನವೆಂಬರ್ ನಡುವಿನವರೆಗಿನ ಬಾಡಿಗೆ 3,600, ಬಿಯರು 4,200 ಎಂದು ಪೂರಾ ಒಪ್ಪಿಕೊಂಡರೂ 7,800 ಆಯಿತು. ಠೇವಣಿ ಕಳೆದರೆ 1,800. ವಿಮೆಯನ್ನೂ ದುರಸ್ತಿಯಲ್ಲಿ ಸಾಬೀತಾಗುವ ಭಾಗವನ್ನೂ ಸೇರಿಸಿ, ಬಿಟ್ಟುಬಂದ ಸಾಮಾನಿನ ಬೆಲೆ ಕಳೆದರೆ ಏನುಳಿಯುತ್ತದೆಯೋ ಅದು ನಿಮ್ಮ ನಿಜವಾದ ಬಾಕಿ.

ಇನ್ನು ಮನೆಯವರ ನಿದ್ದೆಯ ವಿಷಯ. ವಸೂಲಿ ಏಜೆನ್ಸಿಯವರಿಗೆ ಕಾಗದ ಬರೆಯುವ, ಫೋನ್ ಮಾಡುವ, ಬಂದು ಕೇಳುವ ಅವಕಾಶ ಬಿಟ್ಟರೆ ಬೇರೆ ಅಧಿಕಾರವೇನೂ ಇಲ್ಲ. ನ್ಯಾಯಾಲಯಕ್ಕೆ ಹೋಗದೆ ಬಾಡಿಗೆದಾರನ ಸಾಮಾನು ಜಪ್ತಿ ಮಾಡುವ ಒಂದು ವಿಧಾನ 2014ರ ಏಪ್ರಿಲಿನಿಂದ ಅಲ್ಲಿದೆ ಎಂಬುದು ನಿಜ. ಆದರೆ ಅದು ಬಾಡಿಗೆಗೆ ಮಾತ್ರ ಅನ್ವಯ, ದುರಸ್ತಿ ವೆಚ್ಚಕ್ಕಲ್ಲ. ಲೀಸಿಗೆ ವಿರುದ್ಧವಲ್ಲದೆ ಯಾರಾದರೂ ವಾಸವಾಗಿರುವ ಭಾಗ ಕಟ್ಟಡದಲ್ಲಿದ್ದರೆ ಅದೂ ಇಲ್ಲ. ನೀವು ಪಬ್ಬಿನ ಮಹಡಿಯಲ್ಲಿ, ಲೀಸಿನ ಅನುಮತಿಯಿಂದಲೇ, ಸಂಸಾರ ಮಾಡಿದವರು. ಇಂದು ನಿಮ್ಮ ಬಾಗಿಲಿಗೆ ಜಪ್ತಿಯವರು ಬರಬೇಕಾದರೆ ಮೊದಲು ನ್ಯಾಯಾಲಯದ ತೀರ್ಪು ಬೇಕು.

ತೀರ್ಪು ನಿಮಗೆ ತಿಳಿಯದೆ ಬಂದುಬಿಡುವುದೇ ಇಲ್ಲಿ ನಿಜವಾದ ಅಪಾಯ. ದಾವೆಯ ಕಾಗದವನ್ನು ಕೊನೆಯದಾಗಿ ಗೊತ್ತಿದ್ದ ವಿಳಾಸಕ್ಕೆ ಕಳಿಸಬಹುದು, ಲೀಸಿನಲ್ಲಿರುವ ನಿಮ್ಮ ವಿಳಾಸ ಆ ಪಬ್ಬೇ. ಅಲ್ಲಿ ಅದು ಬಾರ್ ಕಟ್ಟೆಯ ಹಿಂದೆ ಬಿದ್ದಿರುತ್ತದೆ, ಇತ್ತ ಏಕಪಕ್ಷೀಯ ತೀರ್ಪಾಗಿ ನಿಮ್ಮ ಹೆಸರು ಆರು ವರ್ಷ ತೀರ್ಪುಗಳ ರಿಜಿಸ್ಟರಿನಲ್ಲಿ ಕೂರುತ್ತದೆ. ಅದನ್ನು ರದ್ದು ಮಾಡಿಸಲು ಬರುತ್ತದೆ, ಆದರೆ ತಡಮಾಡದೆ ಅರ್ಜಿ ಹಾಕಿ, ಗೆಲ್ಲಬಹುದಾದ ವಾದವಿದೆಯೆಂದು ತೋರಿಸಬೇಕು. ಈಗಲೇ ಕಂಪನಿಗೂ ಏಜೆನ್ಸಿಗೂ ಹೊಸ ವಿಳಾಸವನ್ನು ಬರೆದು ತಿಳಿಸಿ. ದಾವೆಯ ಕಾಗದ ಬಂದೇ ಬಂದರೆ 14 ದಿನದೊಳಗೆ ಸ್ವೀಕೃತಿ ಪತ್ರವನ್ನು ನ್ಯಾಯಾಲಯಕ್ಕೆ ಕಳಿಸಬೇಕು. ಆಗ ಪ್ರತಿವಾದ ಸಲ್ಲಿಸಲು ಒಟ್ಟು 28 ದಿನ ಸಿಗುತ್ತದೆ. ದಾವೆಯ ಬದಲು ಸ್ಟ್ಯಾಚುಟರಿ ಡಿಮಾಂಡ್ ಎಂಬ ಹೆಸರಿನ ಕಾಗದ ಬಂದರೆ ಇನ್ನೂ ಚುರುಕಾಗಬೇಕು. ಅದು ದಿವಾಳಿ ಪ್ರಕ್ರಿಯೆಯ ಮೊದಲ ಮೆಟ್ಟಿಲು. ಬಾಕಿಯೇ ವಿವಾದದಲ್ಲಿದೆ ಎಂದು ಹೇಳಿ ರದ್ದು ಕೋರಲು 18 ದಿನ ಮಾತ್ರ ಇರುತ್ತದೆ.

ಏಳು ದಿನದ ಗಡುವಿಗೆ ಕಾನೂನಿನ ಬಲವಿಲ್ಲ. ನೀವು ಕಂಪನಿಯ ಹೆಸರಿನಲ್ಲಿ ಅಲ್ಲದೆ ಒಬ್ಬರೇ ವ್ಯಾಪಾರ ಮಾಡಿದವರಾದ್ದರಿಂದ, 2017ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಸಾಲದ ದಾವೆಗಳ ಪೂರ್ವಭಾವಿ ನಿಯಮ ನಿಮಗೆ ಅನ್ವಯಿಸುತ್ತದೆ. ಅದರಂತೆ ವಿವರವುಳ್ಳ ಹಕ್ಕುಪತ್ರ ಕಳಿಸಿ 30 ದಿನ ಕಾಯಬೇಕು. ನೀವು ದಾಖಲೆ ಕೇಳಿದರೆ ಕೊಡಬೇಕು, ಇಲ್ಲವೇ ಏಕೆ ಕೊಡಲಾಗದೆಂದು ಹೇಳಬೇಕು.

ದೊಡ್ಡ ಪಬ್ ಕಂಪನಿಗಳು ತಮ್ಮ ಬಾಡಿಗೆದಾರರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಪಬ್ಸ್ ಕೋಡ್ ಬಗ್ಗೆಯೂ ಕೇಳಿದ್ದೀರಿ. 2016ರ ಜುಲೈನಿಂದ ಜಾರಿಯಲ್ಲಿರುವ ಆ ನಿಯಮಾವಳಿ, ಮಾಲೀಕರಿಂದಲೇ ಬಿಯರ್ ಕೊಳ್ಳಬೇಕಾದ ಪಬ್ಬುಗಳನ್ನು 500 ಅಥವಾ ಅದಕ್ಕೂ ಹೆಚ್ಚು ಹೊಂದಿದ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಮಾಲೀಕರು ಆ ಪೈಕಿಯವರಾಗಿದ್ದರೆ ಪಬ್ಸ್ ಕೋಡ್ ಅಡ್ಜುಡಿಕೇಟರ್ ಕಚೇರಿಗೆ ಬರೆದು ವಿಚಾರಿಸಬಹುದು. ಆದರೆ ಅದರ ಒತ್ತು ಬಾಡಿಗೆ ನಿಗದಿ ಮತ್ತು ಬಿಯರ್ ಕಟ್ಟುಪಾಡಿನ ಮೇಲೆ, ದೂರಿಗೆ ಇರುವ ಗಡುವೂ ಚಿಕ್ಕದು. ಬಿಟ್ಟುಬಂದ ಮೇಲಿನ ಬಾಕಿಯ ಜಗಳಕ್ಕೆ ಅದನ್ನು ನಂಬಿ ಕೂರಬೇಡಿ.

ಪತ್ರ ಒಂದು ಪುಟ ಮೀರದಿರಲಿ. ಒಟ್ಟು ಮೊತ್ತವನ್ನು ನಾನು ಒಪ್ಪುವುದಿಲ್ಲ; ಲೀಸ್ ಯಾವ ದಿನ, ಯಾವ ರೀತಿಯಲ್ಲಿ ಮುಗಿಯಿತೆಂದು ನಿಮ್ಮ ನಿಲುವೇನು ತಿಳಿಸಿ; ನವೆಂಬರಿನಲ್ಲಿ ಪಬ್ ತೆರೆದವರೊಡನೆ ಆದ ಕರಾರು, ದುರಸ್ತಿಯ ವಿವರಪಟ್ಟಿ ಮತ್ತು ಬಿಲ್ಲುಗಳು, ಬಿಯರ್ ಖಾತೆಯ ಪೂರ್ಣ ಲೆಕ್ಕ, ಠೇವಣಿಯ ಲೆಕ್ಕ, ಸಾಮಾನಿನ ಮೌಲ್ಯಮಾಪನ, ಇವುಗಳ ಪ್ರತಿ ಕೊಡಿ; ನನ್ನ ಈಗಿನ ವಿಳಾಸ ಇದು. ಇಷ್ಟೇ. ಏರಿಯಾ ಮ್ಯಾನೇಜರ್ ನಡೆಸಿಕೊಂಡ ರೀತಿಯ ಬಗ್ಗೆ ನನಗೆ ಮೂರು ಪುಟ ಬರೆದಿದ್ದೀರಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಅದರಲ್ಲಿ ಒಂದು ಸಾಲೂ ಅವರಿಗೆ ಹೋಗುವುದು ಬೇಡ.

ದಾಖಲೆಗಳು ಬಂದ ಮೇಲೆ ಅಲ್ಲಿನ ಬಾಡಿಗೆ ವ್ಯಾಜ್ಯ ಬಲ್ಲ ಸಾಲಿಸಿಟರ್ ಒಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ತೋರಿಸಿ. ಅದಕ್ಕೂ ಮೊದಲು ಬಿಸಿನೆಸ್ ಡೆಟ್‌ಲೈನ್ ಎಂಬ, ಧರ್ಮಸಂಸ್ಥೆಯೊಂದು ನಡೆಸುವ ಸಹಾಯಸೇವೆ ಉಚಿತವಾಗಿ ಸಲಹೆ ಕೊಡುತ್ತದೆ. ವಿವಾದ 10,000 ಪೌಂಡ್ ಮೀರಿರುವುದರಿಂದ ಇದು ಸಣ್ಣ ದಾವೆಗಳ ಪಟ್ಟಿಗೆ ಸೇರುವುದಿಲ್ಲ, ಸೋತವರು ಗೆದ್ದವರ ಖರ್ಚನ್ನೂ ಹೊರಬೇಕಾಗುತ್ತದೆ. ಹಾಗಾಗಿ ನಿಜವಾದ ಬಾಕಿ ಎಷ್ಟೆಂದು ತಿಳಿದ ದಿನ, "ವಿತೌಟ್ ಪ್ರೆಜುಡಿಸ್" ಎಂದು ತಲೆಬರಹವಿಟ್ಟು ಅಷ್ಟಕ್ಕೆ ಒಪ್ಪಂದದ ಪ್ರಸ್ತಾಪ ಕಳಿಸಬಹುದು. ರಾಜಿಯ ಮಾತುಕತೆಯ ಭಾಗವಾಗಿ ಹಾಗೆ ಬರೆದದ್ದನ್ನು ಅವರು ನಿಮ್ಮ ಒಪ್ಪಿಗೆಯೆಂದು ನ್ಯಾಯಾಲಯಕ್ಕೆ ತೋರಿಸುವಂತಿಲ್ಲ. ಕಂತಿನ ಮಾತೇನಿದ್ದರೂ ಆ ಕಾಗದದಲ್ಲಿ ಬರಲಿ. ಫೋನಿನಲ್ಲಿರುವ ಆ ಮೂರು ಚಿತ್ರಗಳನ್ನು ಇವತ್ತೇ ಬೇರೆಡೆಗೆ ನಕಲು ಮಾಡಿಡಿ, ಚೀಟಿಯ ಚಿತ್ರವನ್ನು ಇನ್ನಷ್ಟು ಸ್ಪಷ್ಟವಾಗಿ ನನಗೂ ಕಳಿಸಿ.

– ಸಂಪಾದಕ